ಯಾರ್ಕ್‌ಶೈರಿನಲ್ಲಿ ಎರಡು ಮನೆವ್ಯಾನುಗಳು

2025ರ ಬೇಸಿಗೆ ರಜೆಯನ್ನು ನಾನೂ ನನ್ನ ಮಡದಿಯೂ ಇಂಗ್ಲೆಂಡಿನಲ್ಲಿ ಕಳೆದೆವು. ಅಡಿಕೆ ತೋಟಕ್ಕೆ ನೀರು ಹಾಯಿಸುವ ಕಾಲದಲ್ಲಿ ಮನೆ ಬಿಟ್ಟು ಹೊರಡುವುದೆಂದರೆ ನಮ್ಮ ಬದಿಯಡ್ಕ, ಪೆರ್ಲದ ಕಡೆಯವರಿಗೆ ಸಣ್ಣ ಸಂಗತಿಯಲ್ಲ. ಆದರೂ ಮಗಳು ಮೂರು ವರ್ಷಗಳಿಂದ ಕರೆಯುತ್ತಿದ್ದಳು. ಮಾರ್ಚಿಯಲ್ಲಿ ಪರೀಕ್ಷೆಗಳು ಮುಗಿದು ಶಾಲೆಯ ಬಾಗಿಲು ಹಾಕಿದ ಮೇಲೆ, ತೋಟವನ್ನು ತಮ್ಮನಿಗೆ ಒಪ್ಪಿಸಿ, ಹಲಸಿನ ಹಪ್ಪಳದ ಕಟ್ಟುಗಳೊಂದಿಗೆ ವಿಮಾನ ಹತ್ತಿದೆವು.

ಮಗಳು ಯಾರ್ಕ್ ನಗರದಲ್ಲಿ ದಾದಿಯಾಗಿದ್ದಾಳೆ. ಆ ನಗರದ ಕೋಟೆಗೋಡೆ, ಮಿನ್‌ಸ್ಟರ್ ಎಂಬ ಮಹಾದೇವಾಲಯ, ರೈಲ್ವೆ ವಸ್ತುಸಂಗ್ರಹಾಲಯ ಇವುಗಳನ್ನು ಕುರಿತು ಬಲ್ಲವರು ಎಷ್ಟೋ ಬರೆದಿದ್ದಾರೆ. ನಾನು ಬರೆಯಹೊರಟದ್ದು ಯಾವ ಪ್ರವಾಸಿಯೂ ನೋಡಲು ಹೋಗದ ಎರಡು ಮನೆಯಂಗಳಗಳ ವಿಷಯ. ಒಂದೊಂದು ಅಂಗಳದಲ್ಲಿಯೂ ಒಂದೊಂದು ಹಳೆಯ ವ್ಯಾನು ನಿಂತಿತ್ತು. ಎರಡರಲ್ಲಿ ಒಂದನ್ನು ನಮ್ಮವರು ಕೊಳ್ಳಬೇಕಾಗಿತ್ತು.

ಮೋಟಾರ್ ಹೋಮ್ ಎಂದರೆ ನಮ್ಮೂರಿನ ವಾಚಕರಿಗೆ ಸ್ವಲ್ಪ ವಿವರಿಸಬೇಕಾದೀತು. ವ್ಯಾನಿನ ಒಡಲಿನೊಳಗೇ ಹಾಸಿಗೆ, ಒಲೆ, ನೀರಿನ ತೊಟ್ಟಿ, ಕಪಾಟುಗಳನ್ನು ಅಳವಡಿಸಿದ ವಾಹನವದು. ಹಗಲು ರಸ್ತೆಯಲ್ಲಿ ಓಡುತ್ತದೆ, ರಾತ್ರಿ ಯಾವುದಾದರೂ ಹುಲ್ಲುಗಾವಲಿನ ಶಿಬಿರದಲ್ಲಿ ಬಾಡಿಗೆ ತೆತ್ತು ನಿಲ್ಲುತ್ತದೆ. ನನ್ನ ಮಡದಿ ಅದಕ್ಕೆ ಮೊದಲ ದಿನವೇ ‘ಮನೆವ್ಯಾನು’ ಎಂದು ಹೆಸರಿಟ್ಟಳು. ಅಲ್ಲಿಯ ಜನರಿಗೆ ಇದು ಶೋಕಿಯಿದ್ದೀತು, ನಮ್ಮ ಮಕ್ಕಳಿಗೆ ಹಾಗಲ್ಲ. ಮಗಳಿಗೆ ರಾತ್ರಿಪಾಳಿ, ಹಗಲುಪಾಳಿ. ರಜೆ ಸಿಗುವುದು ಎರಡು ಮೂರು ದಿನಗಳ ತುಂಡುಗಳಾಗಿ. ಶಾಲೆಗೆ ರಜೆ ಬಂದ ಕೂಡಲೇ ಹೋಟೆಲುಗಳ ದರ ಏರುತ್ತದೆ. ಸಸ್ಯಾಹಾರಿಗಳಾದ ಇವರು ಹೋದಲ್ಲೆಲ್ಲ ಬ್ರೆಡ್ಡು, ಆಲೂಗಡ್ಡೆಗಳಲ್ಲೇ ತೃಪ್ತಿಪಡಬೇಕು. ಆರು ವರ್ಷದ ಮೊಮ್ಮಗಳು ಸಮುದ್ರವನ್ನು ನೋಡಿದ್ದು ಎರಡೇ ಬಾರಿ. ಮನೆವ್ಯಾನು ಇದ್ದರೆ ಅನ್ನ ಸಾರು ಮಾಡಿಕೊಂಡು ಎಲ್ಲಿ ಬೇಕಾದರೂ ಇರಬಹುದೆಂಬುದು ಅವರ ಲೆಕ್ಕ. ಹೊಸದನ್ನು ಕೊಳ್ಳುವ ಮಾತೇ ಇರಲಿಲ್ಲ. ಮೂರು ವರ್ಷ ಉಳಿಸಿದ ಒಂಬತ್ತು ಸಾವಿರ ಪೌಂಡುಗಳಿಗೆ ಮೂವತ್ತು, ಮೂವತ್ತೈದು ವರ್ಷ ಹಳೆಯ ವಾಹನಗಳೇ ಸಿಗುವಂಥವು. ಪೌಂಡಿಗೆ ನೂರಕ್ಕೂ ಮಿಕ್ಕ ರೂಪಾಯಿ ಎಂಬುದನ್ನು ನೆನೆದರೆ ನನಗೆ ಆ ಮೊತ್ತವೂ ತಲೆತಿರುಗಿಸುತ್ತಿತ್ತು.

ಮೊದಲನೆಯ ವ್ಯಾನು ಯಾರ್ಕಿನಿಂದ ಸುಮಾರು ನಲವತ್ತು ಮೈಲಿ ದೂರದ ಫೈಲಿ ಎಂಬ ಕಡಲೂರಿನಲ್ಲಿತ್ತು. ಮಾಲ್ಟನ್ ದಾಟಿದ ಮೇಲೆ ರಸ್ತೆಯ ಇಕ್ಕೆಲಗಳಲ್ಲಿ ಎಣ್ಣೆಬೀಜದ ಹಳದಿ ಹೊಲಗಳು, ಅವುಗಳಾಚೆ ಮರಿಗಳೊಂದಿಗೆ ಮೇಯುವ ಕುರಿಮಂದೆಗಳು. ಊರು ತಲಪಿದಾಗ ಅರ್ಧಚಂದ್ರಾಕೃತಿಯ ವಿಶಾಲ ಮರಳದಂಡೆ ಕಣ್ಣಿಗೆ ಬಿತ್ತು. ಅದರ ಉತ್ತರದ ತುದಿಯಲ್ಲಿ ಫೈಲಿ ಬ್ರಿಗ್ ಎಂಬ ಬಂಡೆಯ ನಾಲಗೆ ಕಡಲೊಳಗೆ ಬಹುದೂರ ಚಾಚಿಕೊಂಡಿದೆ. ಕುಂಬಳೆಯ ಕಡಲನ್ನು ಕಂಡವನಿಗೆ ಆ ಬೂದುಬಣ್ಣದ ಸಮುದ್ರ ಜ್ವರದಿಂದ ಎದ್ದವರಂತೆ ತೋರಿತು. ಚಳಿಗಾಳಿಯಲ್ಲಿಯೂ ಮಕ್ಕಳು ಬರಿಗಾಲಲ್ಲಿ ಮರಳಿನ ಮೇಲೆ ಓಡುತ್ತಿದ್ದರು.

ವ್ಯಾನಿನ ಒಡೆಯರು ಎಂಬತ್ತರ ಸಮೀಪದ ವೃದ್ಧರು. ಪತ್ನಿಯೊಂದಿಗೆ ಇಪ್ಪತ್ತಕ್ಕೂ ಹೆಚ್ಚು ಬೇಸಿಗೆಗಳನ್ನು ಆ ವ್ಯಾನಿನಲ್ಲಿ ಕಳೆದವರು. ಆಕೆ ತೀರಿಕೊಂಡು ಎರಡು ವರ್ಷವಾಗಿತ್ತು. ಕಿಟಕಿಯ ಪರದೆಗಳನ್ನು ಆಕೆಯೇ ಹೊಲಿದಿದ್ದರಂತೆ. ನಾವು ನಾಲ್ವರು ದೊಡ್ಡವರೂ ಒಂದು ಮಗುವೂ ಅಂಗಳಕ್ಕೆ ಇಳಿದುದನ್ನು ಕಂಡು ಅವರು ಸ್ವಲ್ಪ ಬೆರಗಾದರು, ಆಮೇಲೆ ಐದು ಲೋಟ ಚಹಾ ತಂದಿಟ್ಟರು.

ಅದು 1991ರ ಟಾಲ್ಬಟ್ ಎಕ್ಸ್‌ಪ್ರೆಸ್. ಇಟಲಿಯ ಅಟೆಸ್ಸಾ ಎಂಬಲ್ಲಿ 1981ರಲ್ಲಿ ಆರಂಭವಾದ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಒಂದೇ ವ್ಯಾನು ಫಿಯಟ್ ಡುಕಾಟೊ, ಪ್ಯೂಜೋ, ಸಿಟ್ರೊಯೆನ್, ಟಾಲ್ಬಟ್ ಎಂದು ಬೇರೆ ಬೇರೆ ಹೆಸರುಗಳಲ್ಲಿ ಮಾರಾಟವಾಗುತ್ತಿತ್ತು. ಟಾಲ್ಬಟ್ ಹೆಸರು ಅಳಿದು ಹೋದರೂ ಅಣ್ಣತಮ್ಮಂದಿರ ಬಿಡಿಭಾಗಗಳು ಇದಕ್ಕೆ ಹೊಂದುತ್ತವೆ. ಹಳೆಯ ಗಾಡಿ ಕೊಳ್ಳುವವನಿಗೆ ಇದು ದೊಡ್ಡ ಅನುಕೂಲ. ಎಂಜಿನು ಮುಂದೆ, ಚಾಲನೆಯೂ ಮುಂದಿನ ಚಕ್ರಗಳಿಗೆ. ಆದ್ದರಿಂದ ಒಳಗಿನ ನೆಲ ತಗ್ಗಾಗಿ, ಸಮತಟ್ಟಾಗಿತ್ತು. ಗೇರಿನ ಹಿಡಿ ಸ್ಟೀರಿಂಗಿನ ಕಂಬದ ಮೇಲೆಯೇ ಇದ್ದುದನ್ನು ಕಂಡು ನನಗೆ ಕಾಸರಗೋಡಿನ ಹಳೆಯ ಅಂಬಾಸಡರ್ ಟ್ಯಾಕ್ಸಿಗಳು ನೆನಪಾದವು. ಅಳಿಯನಿಗೆ ಅದೊಂದು ಸೋಜಿಗ. ನಮ್ಮ ಕಾಲದಲ್ಲಿ ಗೇರೆಂದರೆ ಅಲ್ಲಿಯೇ ಇರತಕ್ಕದ್ದು.

ಒಳಹೊಕ್ಕ ನನ್ನ ಮಡದಿಯ ಮುಖ ಅರಳಿತು. ತಲೆ ಬಗ್ಗಿಸದೆ ನಿಲ್ಲಬಹುದಾದ ಎತ್ತರದ ಮಾಡು, ಎರಡು ಉರಿಗಳ ಗ್ಯಾಸ್ ಒಲೆ, ಅದರ ಕೆಳಗೆ ಓವನ್, ಹಿಂದಿನ ಮೂಲೆಯಲ್ಲಿ ಬಾಗಿಲುಳ್ಳ ಪುಟ್ಟ ಶೌಚಕೋಣೆ. ಮೊಣಕಾಲ ನೋವಿನಿಂದ ರಾತ್ರಿ ಎರಡು ಸಲವಾದರೂ ಏಳುವ ಅವಳಿಗೆ ಆ ಕೋಣೆ ಅರಮನೆಗಿಂತ ಹೆಚ್ಚಾಗಿತ್ತು. “ಇದೇ ಇರಲಿ ಮಗಳೇ, ಇನ್ನೊಂದನ್ನು ನೋಡುವುದೇನು?” ಎಂದಳು. ಬೆಲೆ ಆರು ಸಾವಿರದ ಎಂಟುನೂರು ಪೌಂಡು. ಮಲಗುವುದಕ್ಕೆ ನಾಲ್ವರಿಗೆ ಸ್ಥಳ. ಕೈಯಲ್ಲಿದ್ದ ಹಣದಲ್ಲಿ ಎರಡು ಸಾವಿರ ಉಳಿಯುತ್ತಿತ್ತು, ಮತ್ತು ಆ ಹಣಕ್ಕೆ ಡಿಸೆಂಬರಿನಲ್ಲಿ ಊರಿಗೆ ಬರುವ ಟಿಕೇಟು ಎಂದು ಮೊದಲೇ ನಿಶ್ಚಯವಾಗಿತ್ತು.

ಮುಗ್ಗಲು ವಾಸನೆ ಮೊದಲು ತಾಗಿದ್ದು ನನ್ನ ಮೂಗಿಗೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಸುರಿಯುವ ನಾಡಿನವನು ನಾನು. ಹಂಚಿನ ಮಾಡಿನ ಶಾಲೆಯಲ್ಲಿ ಮುವತ್ತು ಮಳೆಗಾಲ ಕಳೆದವನಿಗೆ ಪಕ್ಕಾಸು ಎಲ್ಲಿ ಕುಂಬಾಗಿದೆ, ರೀಪು ಎಲ್ಲಿ ನೀರು ಕುಡಿದಿದೆ ಎಂಬುದು ನೋಡದೆಯೇ ತಿಳಿಯುತ್ತದೆ. ಯಾರ್ಕಿನ ಆಸುಪಾಸಿನಲ್ಲಿ ವರ್ಷವಿಡೀ ಬೀಳುವ ಮಳೆ ನಮ್ಮದರ ಐದನೆಯ ಒಂದು ಪಾಲಾದರೂ ಇದೆಯೋ ಇಲ್ಲವೋ. ಅದರಲ್ಲಿಯೂ ಆ ವಸಂತ ಬಹಳ ಒಣ ವಸಂತವಾಗಿತ್ತು. ಅಂಥ ಒಣ ಹವೆಯಲ್ಲಿಯೂ ಕಪಾಟಿನ ಒಳಗಿನಿಂದ ವಾಸನೆ ಬರುತ್ತಿದೆಯೆಂದರೆ ನೀರು ಈಚೆಗೆ ಹೊಕ್ಕದ್ದಲ್ಲ, ಒಳಗೇ ಮನೆಮಾಡಿದೆ ಎಂದು ಅರ್ಥ. ಅಳಿಯ ಜತೆಗೆ ತಂದಿದ್ದ ಸಣ್ಣ ತೇವಮಾಪಕದ ಎರಡು ಸೂಜಿಗಳನ್ನು ಮಾಡಿನ ಕಿಂಡಿಯ ಪಕ್ಕದ ಹಲಗೆಗೆ ಒತ್ತಿದಾಗ ಕೆಂಪುದೀಪ ಹತ್ತಿಕೊಂಡಿತು. ಬೆರಳಿನಿಂದ ಒತ್ತಿದರೆ ಹಲಗೆ ಹಣ್ಣಾದ ಪಪ್ಪಾಯಿಯಂತೆ ಒಳಗೆ ಹೋಗುತ್ತಿತ್ತು. ಒಡೆಯರು ನಿಜವಾಗಿಯೂ ಗಾಬರಿಯಾದರು. ಅವರಿಗೆ ಅದು ತಿಳಿದಿರಲಿಲ್ಲ. ಹಲವು ವರ್ಷ ಒಂದೇ ಮನೆಯಲ್ಲಿದ್ದವನ ಮೂಗು ಆ ಮನೆಯ ವಾಸನೆಯನ್ನು ಮರೆತುಬಿಡುತ್ತದೆ.

ಟೈರುಗಳ ಪಟ್ಟೆ ಹೊಸದರಂತೆ ಆಳವಾಗಿತ್ತು. ಆದರೆ ಟೈರಿನ ಮಗ್ಗುಲಲ್ಲಿ ಒತ್ತಿರುವ ನಾಲ್ಕಂಕಿಗಳನ್ನು ಓದಬೇಕಂತೆ: ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. ಅಲ್ಲಿ 1112 ಎಂದಿತ್ತು. 2012ರ ಮಾರ್ಚಿಯಲ್ಲಿ ತಯಾರಾದ ರಬ್ಬರು ಅಂಗಳದಲ್ಲಿ ನಿಂತೇ ಹದಿಮೂರು ವರ್ಷ ಮುದಿಯಾಗಿತ್ತು.

ಇಷ್ಟಾದರೂ ಹಲಗೆ ಬದಲಾಯಿಸಬಹುದು, ಟೈರು ಹಾಕಿಸಬಹುದು. ಉಳಿಯುವ ಎರಡು ಸಾವಿರ ಅದಕ್ಕೇ ಹೋದೀತು ಎಂದು ಅಳಿಯ ಲೆಕ್ಕ ಹಾಕತೊಡಗಿದ. ಆಗ ಮೊಮ್ಮಗಳು ಕೇಳಿದಳು: “ನಾನು ಎಲ್ಲಿ ಕೂರುವುದು?”

ಎಲ್ಲರೂ ಹಾಸಿಗೆಗಳನ್ನು ಎಣಿಸಿದ್ದೆವೇ ಹೊರತು ಆಸನಗಳನ್ನು ಎಣಿಸಿರಲಿಲ್ಲ. ಚಾಲಕನ ಮತ್ತು ಅವನ ಪಕ್ಕದ ಆಸನಗಳಿಗೆ ಮಾತ್ರ ಸೀಟ್ ಬೆಲ್ಟ್ ಇತ್ತು. ಹಿಂದೆ ಇದ್ದದ್ದು ಉದ್ದಕ್ಕೂ ಎದುರುಬದುರಾಗಿ ಹಾಕಿದ ಅಡ್ಡಬೆಂಚುಗಳು, ಬೆಲ್ಟಿಲ್ಲದವು. ಹನ್ನೆರಡು ವರ್ಷವಾಗುವ ತನಕ, ಇಲ್ಲವೆ 135 ಸೆಂಟಿಮೀಟರ್ ಎತ್ತರ ಬೆಳೆಯುವ ತನಕ, ಮಕ್ಕಳನ್ನು ಅವರಿಗೆಂದೇ ಮಾಡಿದ ಆಸನದಲ್ಲಿ ಕೂರಿಸಬೇಕೆಂಬುದು ಆ ದೇಶದ ನಿಯಮ. ಅಂಥ ಆಸನವನ್ನು ಅಡ್ಡಬೆಂಚಿಗೆ ಕಟ್ಟುವಂತಿಲ್ಲ. ಆದರೆ ಬೆಲ್ಟೇ ಇಲ್ಲದ ಹಳೆಯ ವಾಹನವಾದರೆ ಮೂರು ವರ್ಷ ದಾಟಿದ ಮಗು ಹಿಂದೆ ಹಾಗೆಯೇ ಕುಳಿತು ಹೋಗಬಹುದೆಂದು ಅದೇ ಕಾನೂನು ರಿಯಾಯಿತಿ ಕೊಟ್ಟಿದೆ. ವೃದ್ಧರು ಅದನ್ನೇ ಹೇಳಿದರು. ತಮ್ಮ ಮೊಮ್ಮಕ್ಕಳು ಆ ಬೆಂಚಿನ ಮೇಲೆ ಆಡುತ್ತಾ ಸ್ಕಾಟ್ಲೆಂಡಿನವರೆಗೆ ಹೋಗಿದ್ದರು, ಏನೂ ಆಗಲಿಲ್ಲ ಎಂದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

“ಮಗುವಿನ ಸೀಟು ಮುಂದೆ ಕಟ್ಟಿದರಾಯಿತು. ಹಿಂದೆ ಬೆಂಚಿನಲ್ಲಿ ನಾನು ಕೂರುತ್ತೇನೆ ಅಪ್ಪಾ” ಎಂದಳು ಮಗಳು.

ಈ ಮಾತು ಕೇಳಿದ ಮೇಲೆ ನಾನು ವ್ಯಾನಿನಿಂದ ಇಳಿದು ಅಂಗಳದ ತುದಿಗೆ ಹೋಗಿ ನಿಂತೆ. ಮನಸ್ಸಿಗೆ ಬಂದದ್ದನ್ನು ಅಂದು ಅವರಲ್ಲಿ ಹೇಳಲಿಲ್ಲ, ಇಲ್ಲಿ ಬರೆಯುತ್ತೇನೆ. ಹದಿನಾರು ವರ್ಷಗಳ ಹಿಂದೆ ಉಪಜಿಲ್ಲಾ ಕಲೋತ್ಸವಕ್ಕೆ ನಮ್ಮ ಶಾಲೆಯ ಯಕ್ಷಗಾನ ತಂಡವನ್ನು ಒಂದು ಬಾಡಿಗೆ ಜೀಪಿನಲ್ಲಿ ಕರೆದೊಯ್ದಿದ್ದೆ. ಹಿಂದಿನ ಎರಡು ಅಡ್ಡಬೆಂಚುಗಳಲ್ಲಿ ಹನ್ನೊಂದು ಮಕ್ಕಳು. ಹನ್ನೊಂದು ಸರಿಯೇ ಎಂದು ಚಾಲಕ ಕೇಳಿದಾಗ “ಹತ್ತಿರದ ದಾರಿಯಲ್ಲವೇ?” ಎಂದವನು ನಾನೇ. ತಿರುವಿನಲ್ಲಿ ದನವೊಂದು ಅಡ್ಡಬಂತು, ಬ್ರೇಕು ಬಿತ್ತು. ವೇಗ ಹೆಚ್ಚಿರಲಿಲ್ಲ. ತುದಿಯಲ್ಲಿ ಕುಳಿತಿದ್ದ ಐದನೆಯ ತರಗತಿಯ ಹುಡುಗಿಯೊಬ್ಬಳು ಮುಂದಕ್ಕೆ ಎಸೆಯಲ್ಪಟ್ಟು ಕಬ್ಬಿಣದ ಸರಳಿಗೆ ಮುಖ ಬಡಿದುಕೊಂಡಳು. ಎರಡು ಹಲ್ಲುಗಳು ಹೋದವು. ತಂದೆತಾಯಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ. “ಮಾಷ್ಟ್ರು ಇದ್ದುದರಿಂದ ಇಷ್ಟಕ್ಕೇ ಮುಗಿಯಿತು” ಎಂದರು. ಆ ಹುಡುಗಿ ಈಗ ಎರಡು ಮಕ್ಕಳ ತಾಯಿ. ಪೇಟೆಯಲ್ಲಿ ಕಂಡರೆ ನಿಂತು ಮಾತಾಡಿಸುತ್ತಾಳೆ. ನಗುವಾಗ ಇಂದಿಗೂ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ.

ಯೋಚಿಸಿ ತಿಳಿಸುತ್ತೇವೆಂದು ವೃದ್ಧರಲ್ಲಿ ಹೇಳಿ ಹೊರಟೆವು. ದಾರಿಯುದ್ದಕ್ಕೂ ಮಡದಿ ಮಾತಾಡಲಿಲ್ಲ.

ಆ ರಾತ್ರಿ ಅಳಿಯ ಗಣಕದಲ್ಲಿ ಎರಡೂ ವ್ಯಾನುಗಳ ಜಾತಕ ತೆಗೆದ. ಬ್ರಿಟನಿನಲ್ಲಿ ಮೂರು ವರ್ಷ ತುಂಬಿದ ಕಾರು, ವ್ಯಾನುಗಳು ಪ್ರತಿವರ್ಷ ಎಂ.ಒ.ಟಿ. ಎಂಬ ಪರೀಕ್ಷೆಗೆ ಕೂರಬೇಕು. 2005ರಿಂದೀಚಿನ ಆ ಪರೀಕ್ಷೆಗಳ ಫಲಿತಾಂಶವನ್ನು ವಾಹನದ ಸಂಖ್ಯೆ ಕೊಟ್ಟು ಯಾರು ಬೇಕಾದರೂ ಸರಕಾರದ ಜಾಲತಾಣದಲ್ಲಿ ಬಿಟ್ಟಿಯಾಗಿ ನೋಡಬಹುದು: ಯಾವ ವರ್ಷ ಎಷ್ಟು ಮೈಲಿ ಓಡಿತ್ತು, ಯಾವುದರಲ್ಲಿ ಅನುತ್ತೀರ್ಣ, ಯಾವುದಕ್ಕೆ ಎಚ್ಚರಿಕೆ. ಪ್ರಗತಿಪತ್ರಗಳ ನಡುವೆಯೇ ಆಯುಷ್ಯ ಸವೆಸಿದ ನನಗೆ ಇದು ಬಹಳ ಹಿಡಿಸಿತು. ಟಾಲ್ಬಟಿನ ಪತ್ರದಲ್ಲಿ ದೋಷಗಳು ಕಡಿಮೆ. ಆದರೆ ಆ ಪರೀಕ್ಷೆ ಬ್ರೇಕು, ದೀಪ, ಚಕ್ರ, ಚೌಕಟ್ಟುಗಳನ್ನು ನೋಡುತ್ತದಲ್ಲದೆ ಕಪಾಟಿನ ಒಳಗಿನ ಬೂಸಲನ್ನು ನೋಡುವುದಿಲ್ಲ. ಎರಡನೆಯ ವ್ಯಾನು 2016ರಲ್ಲಿ ಅಡಿಭಾಗದ ತುಕ್ಕಿನಿಂದಾಗಿ ನಪಾಸಾಗಿ, ಬೆಸುಗೆ ಹಾಕಿಸಿಕೊಂಡು ಎರಡು ವಾರದಲ್ಲಿ ಪಾಸಾಗಿತ್ತು. ಆಮೇಲೆ ಪ್ರತಿವರ್ಷವೂ ಸಣ್ಣಪುಟ್ಟ ಎಚ್ಚರಿಕೆಗಳು, ಮರುವರ್ಷ ಅವುಗಳ ಪರಿಹಾರ. ಇಂಥ ವಿದ್ಯಾರ್ಥಿಗಳನ್ನು ನಾನು ಬಲ್ಲೆ.

ಎರಡನೆಯದನ್ನು ನೋಡಲು ಯಾರ್ಕಿನ ಉತ್ತರಕ್ಕಿರುವ ಹೆಲ್ಮ್‌ಸ್ಲಿಗೆ ಹೋದೆವು. ಮುರುಕಲು ಕೋಟೆಯೊಂದರ ನೆರಳಿನಲ್ಲಿರುವ ಸಂತೆಯ ಊರು. ಮಾರುವಾಕೆ ಅಲ್ಲಿಯ ಒಬ್ಬ ಶಾಲಾ ಶಿಕ್ಷಕಿ. ನಾನೂ ಅದೇ ಉದ್ಯೋಗದವನೆಂದು ತಿಳಿದು ಕೈಕುಲುಕಿದರು.

ಅದು 1988ರ ಫೋಕ್ಸ್‌ವ್ಯಾಗನ್, ಆ ದೇಶದಲ್ಲಿ ಟಿ 25 ಎಂದು ಕರೆಯುವ ತಳಿ. 1947ರಲ್ಲಿ ಬೆನ್ ಪೋನ್ ಎಂಬ ಡಚ್ ವ್ಯಾಪಾರಿ ಟಿಪ್ಪಣಿ ಪುಸ್ತಕದಲ್ಲಿ ಗೀಚಿದ ಚಿತ್ರವೊಂದರಿಂದ ಹುಟ್ಟಿ, 1950ರಲ್ಲಿ ತಯಾರಿಕೆಗೆ ಬಂದ ವ್ಯಾನಿನ ಮೊಮ್ಮಗ ಇದು. ಅಜ್ಜನಂತೆಯೇ ಇದರ ಎಂಜಿನೂ ಹಿಂಬದಿಯಲ್ಲಿದೆ. ಅಜ್ಜನ ಎಂಜಿನು ಗಾಳಿಯಿಂದ ತಣಿಯುತ್ತಿತ್ತು, ಇದರದು ನೀರಿನಿಂದ. ಆದರೆ ರೇಡಿಯೇಟರು ಮುಂಬದಿಯಲ್ಲಿರುವುದರಿಂದ ನೀರು ಗಾಡಿಯ ಹೊಟ್ಟೆಯಡಿಯ ಉದ್ದ ಕೊಳವೆಗಳಲ್ಲಿ ಹೋಗಿ ಬರಬೇಕು. ಆ ಕೊಳವೆಗಳು ಸೋರಿದರೆ ಎಂಜಿನಿಗೆ ಕೇಡು. ಅವುಗಳನ್ನು ತುಕ್ಕುಹಿಡಿಯದ ಉಕ್ಕಿನವಾಗಿ ಬದಲಾಯಿಸಿದ ರಶೀದಿಯನ್ನು ಶಿಕ್ಷಕಿ ತೋರಿಸಿದರು. ಬಾಗಿಲುಗಳ ಸುತ್ತಲಿನ ಬೆಸುಗೆಗೆರೆಗಳಲ್ಲಿ ತುಕ್ಕು ಗುಳ್ಳೆಯೆದ್ದಿತ್ತು. ಅದನ್ನೂ ತಾವೇ ಬೆರಳಿಟ್ಟು ತೋರಿಸಿದರು.

ಮಾಡು ಚಿಕ್ಕದು, ಹುಕ್ಕು ತೆಗೆದು ಮೇಲಕ್ಕೆ ತಳ್ಳಿದರೆ ಕೊಡೆಯಂತೆ ಬಿಚ್ಚಿಕೊಂಡು ನಿಲ್ಲಲು ಸ್ಥಳವಾಗುತ್ತದೆ, ಮೇಲೆ ಇಬ್ಬರು ಮಲಗಬಹುದು. ಶೌಚಕೋಣೆಯಿಲ್ಲ. ಅಡುಗೆಯ ಜಾಗದಲ್ಲಿ ಒಬ್ಬರು ನಿಂತರೆ ಇನ್ನೊಬ್ಬರು ಹೊರಗಿರಬೇಕು. ಬೆಲೆಯೋ ಹನ್ನೊಂದು ಸಾವಿರದ ಐನೂರು! ಈ ವ್ಯಾನುಗಳ ಮೇಲೆ ಅಲ್ಲಿಯ ಜನರಿಗೆ ಇರುವ ಮೋಹಕ್ಕೂ ಬೆಲೆ ತೆರಬೇಕಷ್ಟೆ. ಸಾಲದುದಕ್ಕೆ, 2021ರಿಂದ ಅಲ್ಲಿಯ ಸಾಧಾರಣ ಪೆಟ್ರೋಲಿನಲ್ಲಿ ಶೇಕಡಾ ಹತ್ತರವರೆಗೆ ಎಥೆನಾಲ್ ಇರುವುದರಿಂದ ಈ ಮುದಿ ಎಂಜಿನಿಗೆ ಹೆಚ್ಚಿನ ದರದ ಪೆಟ್ರೋಲನ್ನೇ ಹಾಕಬೇಕು. ಆದರೆ ಹಿಂದಿನ ಆಸನ ರಸ್ತೆಗೆ ಮುಖಮಾಡಿತ್ತು. ಚೌಕಟ್ಟಿಗೆ ಬಿಗಿದ ಮೂರು ಹಿಡಿತಗಳ ಎರಡು ಬೆಲ್ಟುಗಳು ಅದಕ್ಕಿದ್ದವು. ಶಿಕ್ಷಕಿಯ ಮಗುವಿನ ಆಸನ ಇನ್ನೂ ಅಲ್ಲಿಯೇ ಇತ್ತು. ನಮ್ಮ ಮೊಮ್ಮಗಳು ಕೇಳದೆಯೇ ಹತ್ತಿ ಕುಳಿತಳು.

ಓಡಿಸಿ ನೋಡಲು ಸಟನ್ ಬ್ಯಾಂಕ್ ಎಂಬ ಘಟ್ಟವನ್ನು ಸೂಚಿಸಿದವರೂ ಶಿಕ್ಷಕಿಯೇ. ಬಯಲುಸೀಮೆಯಂಥ ಪ್ರಸ್ಥಭೂಮಿಯ ಮೇಲೆ ಕೆಲವು ಮೈಲಿ ಹೋದ ರಸ್ತೆ ಒಮ್ಮೆಲೇ ಅಂಚಿನಿಂದ ಕೆಳಕ್ಕೆ ಜಾರುತ್ತದೆ. ನಾಲ್ಕಡಿ ಸಾಗಿದರೆ ಒಂದಡಿ ಏರುವಂಥ ಕಡಿದು; ಕಾರಿನ ಹಿಂದೆ ಕಟ್ಟಿ ಎಳೆಯುವ ಕ್ಯಾರವಾನುಗಳಿಗೆ ಅಲ್ಲಿ ಪ್ರವೇಶವೇ ಇಲ್ಲ. ಕೆಳಗಿಳಿದು, ಹಳ್ಳಿಯಲ್ಲಿ ತಿರುಗಿಸಿ, ಅಳಿಯ ಏರತೊಡಗಿದ. ಎಪ್ಪತ್ತೆಂಟು ಅಶ್ವಶಕ್ತಿಯ ಎಂಜಿನು, ಒಳಗೆ ನಾವು ಐದು ಜನ. ಎರಡನೆಯ ಗೇರಿನಲ್ಲಿ ಹೊರಟದ್ದು ಹಿಮ್ಮುರಿ ತಿರುವಿನಲ್ಲಿ ಮೊದಲನೆಯದಕ್ಕೆ ಬಂತು. ಹಿಂದೆ ಏಳೆಂಟು ಕಾರುಗಳ ಸಾಲು. ಒಬ್ಬನೂ ಹಾರ್ನ್ ಮಾಡಲಿಲ್ಲ. ನಾನು ಶಾಖಸೂಚಿಯ ಮುಳ್ಳನ್ನೇ ನೋಡುತ್ತಿದ್ದೆ. ಅದು ನಡುವಿಗಿಂತ ತುಸು ಮೇಲೆ ಬಂದು ನಿಂತಿತು, ಮುಂದೆ ಹೋಗಲಿಲ್ಲ.

ಮೇಲೆ ನಿಂತು ನೋಡಿದರೆ ಕೆಳಗೆ ಗೋರ್ಮಯರ್ ಸರೋವರ, ಅದರಾಚೆ ಕಣ್ಣು ತಲಪುವಷ್ಟೂ ಯಾರ್ಕಿನ ಬಯಲು. ಎಂಜಿನಿಲ್ಲದ ಗ್ಲೈಡರುಗಳು ತಲೆಯ ಮೇಲೆ ಗಿಡುಗಗಳಂತೆ ಸುತ್ತುತ್ತಿದ್ದವು. ಅಂಚಿನ ಹಾದಿಯಲ್ಲಿ ಒಂದು ಮೈಲಿ ನಡೆದರೆ ಕಿಲ್ಬರ್ನಿನ ಬಿಳಿಗುದುರೆ ಸಿಗುತ್ತದೆ. ಗುಡ್ಡದ ಮಗ್ಗುಲಿನ ಹುಲ್ಲು ಕೆತ್ತಿ ತೆಗೆದು ಮೂಡಿಸಿದ, ಮುನ್ನೂರು ಅಡಿಗೂ ಮಿಕ್ಕ ಉದ್ದದ ಕುದುರೆ. ಅದನ್ನು 1857ರಲ್ಲಿ ಕೆತ್ತಿದವರು ಕೆಳಗಿನ ಹಳ್ಳಿಯ ಶಾಲಾ ಮಾಸ್ತರರಾದ ಜಾನ್ ಹಾಡ್ಜ್‌ಸನ್ ಎಂಬವರೂ ಅವರ ಶಾಲೆಯ ಮಕ್ಕಳೂ ಊರಿನವರೂ. ಆ ಕಡಿದಿನಲ್ಲಿ ಮಕ್ಕಳನ್ನು ಹತ್ತಿಸಿ ಗುದ್ದಲಿ ಹಿಡಿಸಿದ ಆ ಮಾಸ್ತರರು ರಾತ್ರಿ ನೆಮ್ಮದಿಯಿಂದ ನಿದ್ರಿಸಿದರೋ ಎಂದು ನನಗೆ ಅನಿಸಿತು.

ಅಲ್ಲಿಯ ಬೆಂಚಿನ ಮೇಲೆ ಕುಳಿತು ಮಗಳು ನೇರವಾಗಿ ಕೇಳಿದಳು: “ಅಪ್ಪಾ, ನೀವಾದರೆ ಯಾವುದು ಕೊಳ್ಳುತ್ತೀರಿ?”

ಆಗ ಜೀಪಿನ ಕಥೆ ಹೇಳಿದೆ. ಆ ಹುಡುಗಿ ಬಿದ್ದಳೆಂಬುದು ಮನೆಯವರಿಗೆ ಗೊತ್ತಿತ್ತು. ಚಾಲಕನಿಗೆ ನಾನು ಆಡಿದ ಮಾತು ನನ್ನ ಮಡದಿಗೂ ತಿಳಿದಿರಲಿಲ್ಲ. ಮಗುವನ್ನು ಮುಂದೆ ಕೂರಿಸಿ ನೀನು ಅಡ್ಡಬೆಂಚಿನಲ್ಲಿ ಕೂರುವ ಗಾಡಿ ನನಗೆ ಬೇಡ ಎಂದೆ. ಅಳಿಯ ತುಸು ಹೊತ್ತು ಸುಮ್ಮನಿದ್ದು, “ಹಾಗಾದರೆ ಡಿಸೆಂಬರಿನಲ್ಲಿ ಊರಿಗೆ ಬರಲಿಕ್ಕಾಗುವುದಿಲ್ಲ ಮಾವ” ಎಂದ. ಅದು ನನಗೂ ಗೊತ್ತಿತ್ತು. ಕಳೆದೆರಡು ವರ್ಷವೂ ಅವರು ಬಂದಿರಲಿಲ್ಲ. ಮೊಮ್ಮಗಳಿಗೆ ಅ ಆ ಇ ಈ ತಿದ್ದಿಸಬೇಕೆಂದು ನಾನು ಆ ಮೂರು ವಾರಗಳನ್ನು ಮನಸ್ಸಿನಲ್ಲಿ ಪಾಠಗಳಾಗಿ ಹಂಚಿಟ್ಟಿದ್ದೆ. ಮಡದಿ ಮಾತ್ರ, “ಹೊತ್ತೊಯ್ಯುವ ಕಮೋಡು ಸಿಗುತ್ತದಂತಲ್ಲ, ಅದೊಂದನ್ನು ತೆಗೆದಿಡಿ. ಮುಂದಿನ ಸಲ ಬಂದಾಗ ಬೇಕು” ಎಂದಳು.

ಹತ್ತು ಸಾವಿರದ ಎಂಟುನೂರಕ್ಕೆ ವ್ಯವಹಾರ ಕುದುರಿತು. ಕೊರತೆಬಿದ್ದದ್ದನ್ನು ಅಳಿಯ ಸ್ನೇಹಿತನಿಂದ ಸಾಲ ಪಡೆದ. ಕೊಳ್ಳುವ ಮೊದಲು ಮೆಕ್ಯಾನಿಕನೊಬ್ಬ ಬೆಲ್ಟಿನ ಬೋಲ್ಟುಗಳನ್ನೂ ಗ್ಯಾಸಿನ ಕೊಳವೆಯನ್ನೂ ಪರೀಕ್ಷಿಸಿದ. ಕೊಳವೆ ಹಳೆಯದಾಗಿತ್ತು, ಬದಲಾಯಿಸಿದ. ವಿಷಾನಿಲ ಸೂಚಿಸುವ ಗಂಟೆಯೊಂದನ್ನೂ ಗೋಡೆಗೆ ತಿರುಪಿ ಕೊಟ್ಟ. ನಲವತ್ತು ವರ್ಷ ತುಂಬಿದ ವಾಹನಗಳಿಗೆ ಅಲ್ಲಿ ವಾರ್ಷಿಕ ಪರೀಕ್ಷೆ ಕಡ್ಡಾಯವಲ್ಲ. 2028ರಲ್ಲಿ ಇದಕ್ಕೂ ಆ ವಿನಾಯಿತಿ ಸಿಗುವುದಂತೆ. ಆಮೇಲೂ ತಪ್ಪದೆ ಪರೀಕ್ಷೆ ಮಾಡಿಸಬೇಕೆಂದು ಅಳಿಯನಿಂದ ಮಾತು ತೆಗೆದುಕೊಂಡಿದ್ದೇನೆ.

ಫೈಲಿಯ ವೃದ್ಧರಿಗೆ ಮಗಳು ಫೋನ್ ಮಾಡಿ ಬೇಡವೆಂದಳು. ಮಾಡಿನ ಹಲಗೆಯನ್ನು ರಿಪೇರಿ ಮಾಡಿಸಲು ಕೊಟ್ಟಿರುವುದಾಗಿ ಅವರು ತಿಳಿಸಿದರಂತೆ. ಗಂಡಹೆಂಡತಿ ಇಬ್ಬರೇ ಇರುವ ಯಾರಾದರೂ ಕೊಂಡುಕೊಂಡರೆ ಅದು ಒಳ್ಳೆಯ ಗಾಡಿಯೇ.

ಶಾಲೆ ತೆರೆಯುವ ಮೊದಲು ನಾವು ಹಿಂದಿರುಗಿದೆವು. ಜುಲೈಯ ಮಳೆಯಲ್ಲಿ ಒಂದು ದಿನ ಮೊಬೈಲಿಗೆ ಪಟವೊಂದು ಬಂತು. ಹಿಂದೆ ವಿಟ್‌ಬಿಯ ಕಡಲು, ಮುಂದೆ ವ್ಯಾನಿನ ತೆರೆದ ಬಾಗಿಲು. ಹಿಂದಿನ ಆಸನದಲ್ಲಿ ಮೊಮ್ಮಗಳು ಬೆಲ್ಟು ಬಿಗಿದುಕೊಂಡು ಕುಳಿತಿದ್ದಾಳೆ. ಪಕ್ಕದ ಸ್ಥಳದಲ್ಲಿ ಅಂಚೆಯಲ್ಲಿ ನಾವು ಕಳುಹಿಸಿದ ಹಪ್ಪಳದ ಡಬ್ಬ. ಅದಕ್ಕೂ ಬೆಲ್ಟು ಹಾಕಿದ್ದಳು.